6 ಎಕರೆ ಕಾಫಿ ತೋಟಕ್ಕೆ ಕೋವಿ ಬೇಕೇ? ಬೇಕಾದರೆ ಯಾವುದು?

ಸಾಗುಜಾಗ_ಸಿದ್ದಾಪುರ:

ಕೊಡಗಿನ ಸಿದ್ದಾಪುರದ ಕಡೆ 6 ಎಕರೆ ಕಾಫಿ, ನಡುವೆ ಕರಿಮೆಣಸು, ಕೆಳಗೆ ಒಂದೂವರೆ ಎಕರೆ ಗದ್ದೆ. ಜಮ್ಮಾ (ಕೊಡಗಿನ ಹಳೇ ವಂಶಪಾರಂಪರ್ಯ ಹಿಡುವಳಿ) ಅಲ್ಲ, ಮಾಮೂಲಿ ಕಂದಾಯದ ಸಾಗು ಜಾಗ. ಹಾಗಾಗಿ ಕೋವಿ ಲೈಸೆನ್ಸ್‌ನಿಂದ ವಿನಾಯಿತಿ ಇಲ್ಲ, ಲೈಸೆನ್ಸ್ ಮಾಡಿಸಿಯೇ ಕೋವಿ ತರಬೇಕು. ಗದ್ದೆಗೆ ಹಂದಿ ಇಳಿಯುತ್ತದೆ, ಹಲಸು ಹಣ್ಣಾಗುವ ಕಾಲಕ್ಕೆ ತೋಟಕ್ಕೆ ಆನೆ ಬರುತ್ತದೆ. ಪಕ್ಕದ ಮನೆ ಅರ್ಧ ಕಿಲೋಮೀಟರ್ ದೂರ. ತೋಟದೊಳಗೆ ಲೈನ್ ಮನೆಗಳಲ್ಲಿ, ಅಂದರೆ ಕೆಲಸದವರ ಸಾಲುಮನೆಗಳಲ್ಲಿ, ಮೂರು ಕುಟುಂಬ ಇದ್ದಾರೆ. ನಮ್ಮ ಮನೆಯಲ್ಲಿ 9 ಮತ್ತು 14 ವರ್ಷದ ಮಕ್ಕಳು.

ಮೊದಲ ಪ್ರಶ್ನೆ, ಇಂಥ ಜಾಗಕ್ಕೆ ಕೋವಿ ನಿಜವಾಗಿ ಬೇಕೇ? ಬೇಕು ಅಂತಾದರೆ ಒಂಟಿ ನಳಿಗೆ, ಜೋಡಿ ನಳಿಗೆ, ಪಂಪ್ ಆ್ಯಕ್ಷನ್, ಪಾಯಿಂಟ್ 22 ರೈಫಲ್, ಇವುಗಳಲ್ಲಿ ಯಾವುದು? ಹಳೇ ಇಂಗ್ಲಿಷ್ ಜೋಡಿ ನಳಿಗೆ ಒಂದು ಮಾರಾಟಕ್ಕಿದೆ ಅಂತ ತಿಳಿದಿದೆ. ಅದನ್ನು ನೋಡುವಾಗ ಏನೇನು ಪರೀಕ್ಷಿಸಬೇಕು ಅಂತಲೂ ಹೇಳಿ.

ಕಿಗ್ಗಟ್ಟುನಾಡು:

ಯಾವ ಕೋವಿ ಅನ್ನುವ ಮೊದಲು ಯಾತಕ್ಕೆ ಅನ್ನುವುದನ್ನು ತೀರ್ಮಾನ ಮಾಡಿ ಅಣ್ಣ. ನೀವು ಹೇಳಿದ ಎರಡು ಪ್ರಾಣಿಗಳಿಗೂ ಕೋವಿ ಉತ್ತರವಲ್ಲ.

ಆನೆ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯ, ಅಂದರೆ ಅತಿ ಹೆಚ್ಚಿನ ರಕ್ಷಣೆ ಇರುವ ಪ್ರಾಣಿ. ಕಾನೂನು ಪಕ್ಕಕ್ಕಿಡಿ, 12 ಬೋರಿನ (ಬೋರ್ ಅಂದರೆ ನಳಿಗೆಯ ಒಳ ಅಳತೆ) ಚರೆ, ಅಂದರೆ ತೋಟೆಯೊಳಗಿನ ಸಣ್ಣ ಗುಂಡುಗಳು, ಆನೆಯನ್ನು ನಿಲ್ಲಿಸುವುದಿಲ್ಲ. ಚರ್ಮದಡಿ ಉಳಿದು ಕೀವು ಕಟ್ಟುತ್ತದೆ. ನೋವಿನ ಆನೆ ಮರುದಿನ ಬೆಳಿಗ್ಗೆ ಅದೇ ದಾರಿಯಲ್ಲಿ ನಿಂತಿರುತ್ತದೆ, ಆಗ ಎದುರಾಗುವುದು ಕೋವಿ ಹಿಡಿದವರಲ್ಲ, ಕೆಲಸಕ್ಕೆ ಹೊರಟ ಹೆಂಗಸರು. ಗಾಳಿಯಲ್ಲಿ ಈಡು ಹೊಡೆದರೆ ಮೊದಮೊದಲು ಹೋಗುತ್ತದೆ, ಸ್ವಲ್ಪ ದಿನ ಕಳೆದರೆ ಆ ಸದ್ದಿಗೂ ಒಗ್ಗಿಕೊಳ್ಳುತ್ತದೆ.

ಹಂದಿಯನ್ನೂ ನಿಮ್ಮ ಗದ್ದೆಗೆ ಬಂದಿದೆ ಎಂಬ ಕಾರಣಕ್ಕೆ ಹೊಡೆಯುವ ಹಾಗಿಲ್ಲ. ಅಧಿಕಾರವಿರುವ ಅರಣ್ಯ ಅಧಿಕಾರಿಯ ಲಿಖಿತ ಅನುಮತಿ ಬೇಕು. ಕೋವಿಗೆ ಲೈಸೆನ್ಸ್ ಇರುವುದೇ ಬೇರೆ, ಹಂದಿ ಹೊಡೆಯಲು ಅನುಮತಿ ಇರುವುದೇ ಬೇರೆ. ಎಷ್ಟೋ ಜನ ಜೈಲಿಗೆ ಹೋಗುವುದು ಇವೆರಡನ್ನು ಒಂದೇ ಎಂದುಕೊಂಡು. ಇನ್ನೊಂದು ಮಾತು, ಹಂದಿ ಇಳಿಯುವುದು ರಾತ್ರಿ. ಕಾಫಿ ಗಿಡದ ಮರೆಯಲ್ಲಿ ಕದಲಿದ್ದು ಹಂದಿಯೋ ಮನುಷ್ಯನೋ ಎಂದು ಟಾರ್ಚ್ ಬೆಳಕಿನಲ್ಲಿ ತಿಳಿಯದೆ ಜೀವ ಹೋದ ಪ್ರಕರಣಗಳು ನಮ್ಮ ಜಿಲ್ಲೆಯಲ್ಲೇ ಇವೆ. ನಿಮ್ಮಲ್ಲಿ ಲೈನ್ ಮನೆಗಳು ತೋಟದ ಒಳಗೇ ಇವೆ, ಮರೆಯಬೇಡಿ.

ಅದೇ ದುಡ್ಡನ್ನು ಮೊದಲು ಬೇಲಿಗೆ ಹಾಕಿ. ಗದ್ದೆಗೆ ಹಂದಿ ತಡೆಯಲು ಗಟ್ಟಿ ತಂತಿ ಬಲೆ, ಅದರ ಕೆಳಗಿನ ಒಂದಡಿ ಮಣ್ಣಿನೊಳಗೆ ಹೋಗಬೇಕು. ಇಲ್ಲದಿದ್ದರೆ ಮೂತಿಯಲ್ಲಿ ಎತ್ತಿ ನುಗ್ಗುತ್ತದೆ. ಆನೆ ಬದಿಗೆ ಸೋಲಾರ್ ಬೇಲಿ, ಆದರೆ ಕಂಪನಿಯ ಎನರ್ಜೈಸರ್ (ತಂತಿಗೆ ಬಿಟ್ಟು ಬಿಟ್ಟು ಕರೆಂಟ್ ಕೊಡುವ ಪೆಟ್ಟಿಗೆ) ಮೂಲಕವೇ. ಮನೆ ಕರೆಂಟನ್ನು ತಂತಿಗೆ ನೇರ ಕೊಡುವುದು ಕೊಲೆಗೆ ಸಮ. ಸೋಲಾರ್ ಬೇಲಿ ಕೆಲಸ ಮಾಡದಿರಲು ಸಾಮಾನ್ಯವಾಗಿ ಎರಡೇ ಕಾರಣ: ಹುಲ್ಲು, ಬಳ್ಳಿ ತಂತಿಗೆ ತಾಗಿ ಕರೆಂಟ್ ಭೂಮಿಗೆ ಇಳಿದುಹೋಗುವುದು, ಬೇಸಿಗೆಯಲ್ಲಿ ಒಣಗಿದ ಮಣ್ಣಿನಲ್ಲಿ ಅರ್ಥಿಂಗ್ ಸರಿಯಾಗದಿರುವುದು. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಬೇಲಿ ಬುಡ ಸವರಲು ಆಳು ಇಲ್ಲದಿದ್ದರೆ ಹಾಕಿಸಿಯೂ ಪ್ರಯೋಜನವಿಲ್ಲ. ಹಲಸನ್ನು ಎಳೆಯದಾಗಿರುವಾಗಲೇ ಇಳಿಸಿ. ಬೆಳೆ ಹೋದರೆ ಫೋಟೋ ತೆಗೆದು, ಪಹಣಿ ಜೊತೆಗೆ ವಲಯ ಅರಣ್ಯ ಕಚೇರಿಗೆ ಪರಿಹಾರಕ್ಕೆ ಅರ್ಜಿ ಕೊಡಿ.

ಒಂಟಿ ಮನೆ, ಮನೆಯವರ ರಕ್ಷಣೆ ಎಂಬ ಕಾರಣ ಇದ್ದರೆ ಅದು ಬೇರೆ ಮಾತು, ಅದಕ್ಕೆ ಕೋವಿ ಕೇಳುವುದರಲ್ಲಿ ಅರ್ಥವಿದೆ. ಆದರೂ ಮನೆಯಲ್ಲಿ ಕುಡಿದು ಗಲಾಟೆ ಮಾಡುವವರು ಇದ್ದರೆ, ಅಥವಾ ಯಾರಾದರೂ ಮನಸ್ಸು ಕುಗ್ಗಿ ಒಬ್ಬರೇ ಕೂರುತ್ತಿದ್ದರೆ, ಆ ಮನೆಗೆ ಕೋವಿ ಬೇಡವೇ ಬೇಡ. ಈಗಾಗಲೇ ಇದ್ದರೂ ಠಾಣೆಯಲ್ಲೋ ಲೈಸೆನ್ಸ್ ಇರುವ ಅಂಗಡಿಯಲ್ಲೋ ಠೇವಣಿ ಇಡಿ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅದಕ್ಕೇ ಬರೆದೆ.

ಬಾಣೆಮಣ್ಣು:

ಕಾನೂನಿನ ಭಾಗ ನಾನು ಬರೆಯುತ್ತೇನೆ. ಕೊಡಗಿನಲ್ಲಿ ಎಲ್ಲರಿಗೂ ಕೋವಿ ಹಕ್ಕಿದೆ ಎಂದು ಹೊರಗಿನವರು ತಿಳಿದಿರುತ್ತಾರೆ. ಇರುವುದು ಕೊಡವ ಜನಾಂಗದವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ, ಅವರು ಯಾವ ಜಾತಿಯವರಾದರೂ ಸರಿ. 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕಾಲದಲ್ಲಿ ಸಿಕ್ಕಿದ ವಿನಾಯಿತಿ ಅದು. ಈಗಿನ ಅಧಿಸೂಚನೆ 2019ರ ಅಕ್ಟೋಬರ್‌ನದು, 2029ರ ಅಕ್ಟೋಬರ್ 31ರ ತನಕ ಚಾಲ್ತಿ. 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ವಿನಾಯಿತಿ ಪತ್ರ ಇದ್ದವರೂ ಗಮನಿಸಬೇಕಾದ್ದು ಒಂದಿದೆ: ವಿನಾಯಿತಿ ಇರುವುದು ಲೈಸೆನ್ಸ್ ಪಡೆಯುವ ಷರತ್ತಿನಿಂದ ಮಾತ್ರ. ಬೇಜವಾಬ್ದಾರಿಯಿಂದ ಅಥವಾ ಸಂಭ್ರಮಕ್ಕೆಂದು ಇನ್ನೊಬ್ಬರ ಜೀವಕ್ಕೆ ಅಪಾಯವಾಗುವಂತೆ ಗುಂಡು ಹಾರಿಸಿದರೆ ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯಂತೆ 2 ವರ್ಷದವರೆಗೆ ಜೈಲು, ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಪುತ್ತರಿ ಸುಗ್ಗಿ ಹಬ್ಬದಲ್ಲಿ ಹಾರಿಸುವ ಈಡಿಗೂ ಈ ಎಚ್ಚರ ಬೇಕು.

ನಿಮ್ಮ ವಿಷಯಕ್ಕೆ ಬಂದರೆ, 21 ವರ್ಷ ತುಂಬಿರಬೇಕು. ಅರ್ಜಿ ನಮೂನೆ ಎ-1, ಜೊತೆಗೆ ವೈದ್ಯರಿಂದ ಎಸ್-3, ಅಂದರೆ ದೇಹ ಮತ್ತು ಮನಸ್ಸಿನ ಆರೋಗ್ಯದ ಪ್ರಮಾಣಪತ್ರ, ಮತ್ತು ಕೋವಿ ಬಳಕೆಯ ತರಬೇತಿ ಪಡೆದದ್ದಕ್ಕೆ ಎಸ್-1. ಡಿಸಿ ಕಚೇರಿಗೆ ಅರ್ಜಿ ಹೋಗುತ್ತದೆ, ಅಲ್ಲಿಂದ ಪೊಲೀಸ್ ವರದಿಗೆ. ಲೈಸೆನ್ಸ್ 5 ವರ್ಷಕ್ಕೆ, ಒಬ್ಬರಿಗೆ ಎರಡು ಕೋವಿ ಮಿತಿ.

ಕಾರಣದ ಅಂಕಣದಲ್ಲಿ ಏನು ಬರೆಯುತ್ತೀರಿ ಎಂಬುದು ಮುಖ್ಯ. ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮಿನ ಪ್ರಕಾರ ಬೆಳೆ ರಕ್ಷಣೆ ಎಂದು ಬರೆದರೆ ಮೊದಲು ಸಿಗುವುದು ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿ. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ತೋಟೆ (ಕಾರ್ಟ್ರಿಜ್) ಹಾಕುವ ಕೋವಿ. ಆತ್ಮರಕ್ಷಣೆಗೆ ಎಂದರೆ ನಳಿಗೆ 20 ಇಂಚಿಗೆ ಕಡಿಮೆ ಇಲ್ಲದ, ಒಳಗೆ ನಯವಾಗಿರುವ ಕೋವಿ. ಪಾಯಿಂಟ್ 22 ರೈಫಲ್ ಗುರಿ ಅಭ್ಯಾಸಕ್ಕೆ, ಮಾನ್ಯತೆ ಪಡೆದ ರೈಫಲ್ ಸಂಸ್ಥೆ ಅಥವಾ ಕ್ಲಬ್ಬಿನ ಸದಸ್ಯರಿಗೆ. ತೋಟ ಕಾಯುವುದಕ್ಕೆ ಪಾಯಿಂಟ್ 22 ಎಂದು ಬರೆದರೆ ಅರ್ಜಿ ಅಲ್ಲೇ ತೂಗಾಡುತ್ತದೆ.

ಹಳೇ ಕೋವಿ ಖಾಸಗಿಯಾಗಿ ಕೊಳ್ಳುವುದಾದರೆ, ಮಾರುವವರು ಡಿಸಿಗೆ ಅಥವಾ ಹತ್ತಿರದ ಠಾಣೆಗೆ ಬರೆದು ತಿಳಿಸಿ 45 ದಿನ ಕಳೆದ ಮೇಲೆಯೇ ಕೈಬದಲು ಮಾಡಬೇಕು. ಮುಂಗಡ ಕೊಟ್ಟು ಕೋವಿಯನ್ನು ಮನೆಗೆ ತಂದಿಟ್ಟುಕೊಳ್ಳಬೇಡಿ. ನಿಮ್ಮ ರೈಟರ್, ಅಂದರೆ ತೋಟದ ಮೇಲ್ವಿಚಾರಕರ, ಕೈಯಲ್ಲಿ ಕೊಟ್ಟು ರಾತ್ರಿ ಕಾವಲಿಗೆ ಕಳಿಸುವುದೂ ಅಪರಾಧ, ಅವರ ಹೆಸರು ನಿಮ್ಮ ಲೈಸೆನ್ಸ್‌ನಲ್ಲಿ ಸೇರಿರದಿದ್ದರೆ. ಏರ್ ಗನ್ ಪಾಯಿಂಟ್ 177 ಒಳಗೆ ಮತ್ತು 20 ಜೂಲ್ ಒಳಗೆ ಇದ್ದರೆ ಲೈಸೆನ್ಸ್ ಬೇಡ, ಆದರೆ ಅದರಲ್ಲಿ ಕಾಡು ಹಕ್ಕಿ ಹೊಡೆದರೂ ಬೇಟೆಯೇ.

ಹನ್ನೆರಡು_ಬೋರ್:

ಮನೆ ರಕ್ಷಣೆಗೆ ಎಂದು ತೀರ್ಮಾನವಾದರೆ ನನ್ನ ಅಭಿಪ್ರಾಯ ಸ್ಪಷ್ಟ: 12 ಬೋರ್, ಮಡಚುವ ಕೋವಿ, ಜೋಡಿ ನಳಿಗೆ, ಒಳಕುದುರೆಯದು, ಅಂದರೆ ತೋಟೆಗೆ ಪೆಟ್ಟು ಕೊಡುವ ಕುದುರೆ (ಹ್ಯಾಮರ್) ಒಳಗೇ ಅಡಗಿರುವುದು. ಕಾರಣ ಹೇಳುತ್ತೇನೆ.

ಮಡಚುವ ಕೋವಿಯನ್ನು ತೆರೆದರೆ ತೋಟೆ ಇದೆಯೋ ಇಲ್ಲವೋ ಕಣ್ಣಿಗೆ ಕಾಣುತ್ತದೆ. ಎದುರಿಗಿರುವವರಿಗೂ ಕಾಣುತ್ತದೆ. ಪಂಪ್ ಆ್ಯಕ್ಷನ್‌ನಲ್ಲಿ ಹಾಗಲ್ಲ, ಕೋಣೆ (ನಳಿಗೆ ಹಿಂಬದಿಯಲ್ಲಿ ತೋಟೆ ಕೂರುವ ಜಾಗ) ಖಾಲಿ ಕಂಡರೂ ಕೆಳಗಿನ ಕೊಳವೆಯಲ್ಲಿ ತೋಟೆ ಕೂತಿರಬಹುದು, ಒಮ್ಮೆ ಪಂಪ್ ಮಾಡಿದರೆ ಮೇಲೆ ಬರುತ್ತದೆ. ಹೊಸಬರ ಅವಘಡ ಆಗುವುದೇ ಇಲ್ಲಿ. ಜೊತೆಗೆ ಆ ಕೊಳವೆ, ಸ್ಪ್ರಿಂಗ್ ನಮ್ಮ ಮಳೆಗೆ ಬೇಗ ತುಕ್ಕು ಹಿಡಿಯುತ್ತವೆ, ತೋಟೆ ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ.

ಒಂಟಿ ನಳಿಗೆ ಅಗ್ಗ, ಹಗುರ. ಆದರೆ ಹಗುರವಾದ ಕೋವಿ ಅದೇ ತೋಟೆಗೆ ಹೆಚ್ಚು ಒದೆಯುತ್ತದೆ. ಅದಕ್ಕಿಂತ ದೊಡ್ಡ ತೊಂದರೆ, ಅಂಥವುಗಳಲ್ಲಿ ಹಲವಕ್ಕೆ ಇರುವ ಹೊರಕುದುರೆ. ಎಳೆದ ಕುದುರೆಯನ್ನು ಹೊಡೆಯದೆ ಇಳಿಸಬೇಕಾದರೆ ಹೆಬ್ಬೆರಳಲ್ಲಿ ಹಿಡಿದು ಟ್ರಿಗರ್ ಒತ್ತಬೇಕು. ಮಳೆಯಲ್ಲಿ ಒದ್ದೆ ಬೆರಳು ಜಾರಿದರೆ ಈಡು ಹಾರಿತು ಅಂತಲೇ. ಹೊರಕುದುರೆ ಕೋವಿಯಲ್ಲಿ ಸರಿಯಾದ ಕ್ರಮ ಒಂದೇ: ಮೊದಲು ಕೋವಿ ತೆರೆದು ತೋಟೆ ತೆಗೆಯಿರಿ, ಆಮೇಲೆ ಕುದುರೆ ಇಳಿಸಿ. ಇನ್ನೂ ಹಳೇ ಮಾದರಿಗಳಲ್ಲಿ ಇಳಿದ ಕುದುರೆ ಪಿನ್ನಿನ ಮೇಲೆಯೇ ಕೂತಿರುತ್ತದೆ. ನೆಲಕ್ಕೆ ಬಿದ್ದು ಕುದುರೆಗೆ ಪೆಟ್ಟಾದರೂ ಸಾಕು, ಹಾರುತ್ತದೆ. ಅಂಥದ್ದು ಬೇಡ.

ಜೋಡಿ ನಳಿಗೆಯಲ್ಲಿ ಮುಂದಿನ ಟ್ರಿಗರ್ ಸಾಮಾನ್ಯವಾಗಿ ಬಲ ನಳಿಗೆಗೆ, ಹಿಂದಿನದು ಎಡಕ್ಕೆ. ಬಲದ್ದು ಅಗಲವಾಗಿ ಚರೆ ಹರಡುತ್ತದೆ, ಎಡದ್ದಕ್ಕೆ ಬಾಯಿ ಬಿಗಿ, ಚೋಕ್ ಅನ್ನುತ್ತಾರೆ. ಲೆಕ್ಕ ಹೀಗೆ: 40 ಗಜ ದೂರದಲ್ಲಿ 30 ಇಂಚು ಅಗಲದ ವೃತ್ತ ಬರೆದರೆ ಫುಲ್ ಚೋಕ್ ಸುಮಾರು 70 ಭಾಗ ಚರೆ ಒಳಗೆ ಹಾಕುತ್ತದೆ, ಹಾಫ್ ಚೋಕ್ 60, ಚೋಕ್ ಇಲ್ಲದ ನಳಿಗೆ 40. ಮನೆ ಅಂಗಳದ ದೂರಕ್ಕೆ ಚೋಕ್ ಕಡಿಮೆ ಇದ್ದಷ್ಟು ಒಳ್ಳೆಯದು. ಫುಲ್ ಚೋಕ್ ನಳಿಗೆಯಲ್ಲಿ ಒಂಟಿ ಗುಂಡಿನ ತೋಟೆ ಹಾಕಬೇಡಿ, ಬಾಯಿಯ ಬಿಗಿಯಲ್ಲಿ ಒತ್ತಡ ಏರಿ ನಳಿಗೆ ಉಬ್ಬಬಹುದು. ಮರೆಯಬಾರದ ಇನ್ನೊಂದು ಸಂಗತಿ, ಒಂದು ಈಡು ಹೊಡೆದ ಮೇಲೆ ಇನ್ನೊಂದು ಜೀವಂತ ಇರುತ್ತದೆ. ಬೇಲಿ ದಾಟುವ, ಗದ್ದೆ ಏರಿ ಹತ್ತುವ ಮೊದಲು ತೆರೆದು ಎರಡನ್ನೂ ತೆಗೆಯಲೇಬೇಕು.

ರೈಫಲ್ ಯಾಕೆ ಬೇಡ ಎಂದರೆ ದೂರ. 6 ನಂಬರ್ ಚರೆ ಹೆಚ್ಚೆಂದರೆ 200 ಮೀಟರ್ ಆಸುಪಾಸಿನಲ್ಲಿ ಬಿದ್ದುಹೋಗುತ್ತದೆ. ಪುಟ್ಟದೆಂದು ಕಾಣುವ ಪಾಯಿಂಟ್ 22 ಗುಂಡು ಒಂದೂವರೆ ಕಿಲೋಮೀಟರ್ ಹೋಗಬಲ್ಲದು. ನಿಮ್ಮ ಪಕ್ಕದ ಮನೆ ಇರುವುದು ಅರ್ಧ ಕಿಲೋಮೀಟರಿನಲ್ಲಿ. ಇದೇ ಕಾರಣಕ್ಕೆ ದಪ್ಪ ಚರೆಯ ಎಲ್‌ಜಿ ತೋಟೆಯೂ ನಿಮ್ಮ ಜಾಗಕ್ಕೆ ಬೇಡ, ಅದೂ ಅರ್ಧ ಕಿಲೋಮೀಟರ್ ದಾಟುತ್ತದೆ. ಕೈಲ್ ಮುಹೂರ್ತ (ಕೊಡವರ ಆಯುಧ ಪೂಜೆಯ ಹಬ್ಬ) ಹೊತ್ತಿಗೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ಪಾಯಿಂಟ್ 22 ಚಂದ, ಅಲ್ಲಿ ಹಿಂದೆ ಮಣ್ಣಿನ ದಿಬ್ಬ ಇರುತ್ತದೆ.

ಪಿಸ್ತೂಲ್ ಕೇಳಿಲ್ಲ ನೀವು, ಒಳ್ಳೆಯದು. ಗುರಿ ಸಾಧಿಸುವುದು ಕಷ್ಟ, ಮಕ್ಕಳ ಕೈಗೆ ಸಿಗುವುದು ಸುಲಭ.

ಸಾಗುಜಾಗ_ಸಿದ್ದಾಪುರ:

ತುಂಬಾ ಉಪಕಾರ. ಬೇಲಿ ಮೊದಲು ಅನ್ನುವುದು ಸರಿ ಎನಿಸಿತು. ಲೈಸೆನ್ಸ್ ಅರ್ಜಿಯಲ್ಲಿ ಮನೆ ರಕ್ಷಣೆ ಎಂದೇ ಬರೆಯುತ್ತೇನೆ. ಆ ಹಳೇ ಇಂಗ್ಲಿಷ್ ಕೋವಿ ಜೋಡಿ ನಳಿಗೆ, ಒಳಕುದುರೆ, 30 ಇಂಚು. ಹೊರಗಿನಿಂದ ಚೆನ್ನಾಗಿ ಕಾಣುತ್ತದಂತೆ. ಮಾರುವವರು ಯಾವ ತೋಟೆಯಾದರೂ ಆಗುತ್ತದೆ ಅನ್ನುತ್ತಿದ್ದಾರೆ.

ಕೋವಿ_ರಿಪೇರಿ:

"ಯಾವ ತೋಟೆಯಾದರೂ ಆಗುತ್ತದೆ" ಅಂದಲ್ಲೇ ಎಚ್ಚರವಾಗಬೇಕು. ಹಳೇ ಇಂಗ್ಲಿಷ್ ಕೋವಿಗಳಲ್ಲಿ ಬಹಳಷ್ಟರ ಕೋಣೆ ಎರಡೂವರೆ ಇಂಚಿನದು, ಅಂದರೆ 65 ಮಿಲಿಮೀಟರ್. ಈಗಿನ ತೋಟೆಗಳಲ್ಲಿ 70 ಮಿಲಿಮೀಟರಿನವು ಬರುತ್ತವೆ. ಆ ಅಳತೆ ಹೊಡೆದ ಮೇಲೆ ಬಾಯಿ ಬಿಚ್ಚಿದ ತೋಟೆಯದು. ಹೊಡೆಯುವ ಮೊದಲು ಬಾಯಿ ಮಡಚಿರುವುದರಿಂದ 70ರ ತೋಟೆ 65ರ ಕೋಣೆಗೆ ಸಲೀಸಾಗಿ ತೂರುತ್ತದೆ, ಕೋವಿ ಮುಚ್ಚಿಯೂ ಮುಚ್ಚುತ್ತದೆ. ಹೊಡೆದಾಗ ಬಾಯಿ ಬಿಚ್ಚಲು ಜಾಗ ಸಾಲದೆ ಒತ್ತಡ ಏರುತ್ತದೆ. ಮೊದಲ ದಿನವೇ ಒಡೆಯದೆ ಇರಬಹುದು, ಜೋಡಣೆ ಸಡಿಲವಾಗುತ್ತಾ ಬರುತ್ತದೆ. ನಳಿಗೆ ಕಳಚಿ ಅಡಿಭಾಗದ ಚಪ್ಪಟೆ ಜಾಗದಲ್ಲಿ ಕೋಣೆಯ ಉದ್ದ, ನೈಟ್ರೋ ಪ್ರೂಫ್ ಮುದ್ರೆ (ಈಗಿನ ಹೊಗೆರಹಿತ ಮದ್ದಿಗೆ ಪರೀಕ್ಷಿಸಿದ ಗುರುತು) ಇವೆಯೇ ನೋಡಿ. ನಳಿಗೆ ಮೇಲೆ ನೀರಿನ ಅಲೆಯಂಥ ಸುರುಳಿ ಗೆರೆ ಕಂಡರೆ ಅದು ಡಮಾಸ್ಕಸ್, ಕಬ್ಬಿಣ ಉಕ್ಕಿನ ಪಟ್ಟಿ ಸುತ್ತಿ ಬೆಸೆದದ್ದು. ಹೆಚ್ಚಿನವು ಕರಿಮದ್ದಿನ ಕಾಲದವು. ನೈಟ್ರೋ ಮುದ್ರೆ ಇಲ್ಲದಿದ್ದರೆ ನೆಲ್ಲಕ್ಕಿಯ (ಕೊಡವ ಮನೆಯ ನಡುಮನೆ) ಗೋಡೆಗೆ ಸರಿ, ಹೊಡೆಯಲು ಅಲ್ಲ.

ಪರೀಕ್ಷೆ ಹಗಲಲ್ಲಿ ಮಾಡಿ. ತೆರೆದು ಖಾಲಿ ಎಂದು ನೋಡಿಕೊಂಡು, ಮುಂಗೈ ಮರ (ನಳಿಗೆ ಕೆಳಗೆ ಮುಂದಿನ ಕೈ ಹಿಡಿಯುವ ಮರ) ಬಿಚ್ಚಿ, ನಳಿಗೆಯನ್ನು ಮತ್ತೆ ಕೂರಿಸಿ ಪಕ್ಕಕ್ಕೆ, ಮೇಲೆ ಕೆಳಗೆ ಅಲ್ಲಾಡಿಸಿ. ಕದಲಿದರೆ ಅಥವಾ ಬೆಳಕಿಗೆ ಹಿಡಿದಾಗ ನಳಿಗೆ ಹಿಂಬದಿಗೂ ಆ್ಯಕ್ಷನ್ನಿಗೂ ನಡುವೆ ಸೀಳು ಕಂಡರೆ ಜೋಡಣೆ ಸವೆದಿದೆ. ಮಾರುವ ಮುನ್ನ ಗ್ರೀಸ್ ತುಂಬಿ ಇದನ್ನು ಮುಚ್ಚುತ್ತಾರೆ, ಆದ್ದರಿಂದ ಮೊದಲು ಒರೆಸಿ. ನಂತರ ನಳಿಗೆಯನ್ನು ಕೊಕ್ಕೆಗೆ ದಾರದಲ್ಲಿ ನೇತುಹಾಕಿ ಬೆರಳ ಗೆಣ್ಣಿನಿಂದ ತಟ್ಟಿ. ಗಂಟೆಯಂತೆ ನಾದ ಬಂದರೆ ಎರಡು ನಳಿಗೆಯ ನಡುವಿನ ಪಟ್ಟಿಯ ಬೆಸುಗೆ ಗಟ್ಟಿ. ಗೊರಗೊರ ಎಂದರೆ ಬೆಸುಗೆ ಬಿಟ್ಟಿದೆ, ಒಳಗೆ ನೀರು ಹೋಗಿ ತುಕ್ಕು ತಿನ್ನುತ್ತಿದೆ.

ನಳಿಗೆಯೊಳಗೆ ಬೆಳಕಿನ ಕಡೆ ಹಿಡಿದು ನೋಡಿ. ಸಣ್ಣ ಚುಕ್ಕೆ ತುಕ್ಕು ಇದ್ದರೆ ಚೌಕಾಸಿ ಮಾಡಬಹುದು. ಕಪ್ಪು ಉಂಗುರದಂತೆ ನೆರಳು ಕಂಡರೆ ಅಲ್ಲಿ ಉಬ್ಬಿದೆ, ಹೊರಗಿನಿಂದ ಬೆರಳಾಡಿಸಿದರೆ ಸಿಗುತ್ತದೆ. ಅದನ್ನು ಬಿಟ್ಟುಬಿಡಿ. ಸೇಫ್ಟಿ ಹಾಕಿ ಟ್ರಿಗರ್ ಒತ್ತಿ, ಕೈ ತೆಗೆದು ಸೇಫ್ಟಿ ಬಿಡಿಸಿ: ಆಗ ಕುದುರೆ ಬಿದ್ದ ಟಕ್ ಸದ್ದು ಬರಬಾರದು. ಖಾಲಿ ಕೋವಿಯ ಬುಡವನ್ನು ನೆಲದ ಮೇಲಿಟ್ಟ ದಪ್ಪ ಚಾಪೆಗೆ ಕುಟ್ಟಿ ನೋಡಿ, ಹಾಗೆ ಕುದುರೆ ಬಿದ್ದರೂ ಆ ಕೋವಿ ಬೇಡ. ಸೇಫ್ಟಿ ಹೆಚ್ಚಿನ ಕೋವಿಗಳಲ್ಲಿ ಟ್ರಿಗರ್ ಮಾತ್ರ ತಡೆಯುತ್ತದೆ, ಕುದುರೆಯನ್ನಲ್ಲ. ಈ ಪರೀಕ್ಷೆಯನ್ನು ಹುಸಿ ತೋಟೆ ಹಾಕಿಯೇ ಮಾಡಿ, ಇಲ್ಲದಿದ್ದರೆ ಪಿನ್ ಮುರಿಯಬಹುದು. ಕೊನೆಗೆ ನಳಿಗೆ, ಆ್ಯಕ್ಷನ್, ಮುಂಗೈ ಮರದ ನಂಬರ್ ಮೂರೂ ಒಂದೇ ಇದ್ದು, ಲೈಸೆನ್ಸ್‌ನಲ್ಲಿ ಬರೆದ ನಂಬರಿಗೆ ತಾಳೆಯಾಗಬೇಕು.

ಭುಜಕ್ಕೆ ಉದ್ದವಾಯಿತು ಎಂದು ಬುಡದ ಮರ ಕತ್ತರಿಸಿಕೊಳ್ಳಬಹುದು. ನಳಿಗೆ ಕತ್ತರಿಸುವ ಯೋಚನೆ ಮಾಡಬೇಡಿ, ಅಪರಾಧ.

ಮಡಿಕೇರಿಮಳೆ:

ಕೊಂಡ ಮೇಲಿನ ಮಾತು. ಜೂನ್‌ನಿಂದ ಸೆಪ್ಟೆಂಬರ್ ತನಕ ಕೋವಿಯನ್ನು ಚರ್ಮದ ಅಥವಾ ಬಟ್ಟೆಯ ಚೀಲದಲ್ಲಿ ಮುಚ್ಚಿಡಬೇಡಿ. ಚೀಲ ತೇವ ಹೀರಿ ನಳಿಗೆಗೆ ಕೊಡುತ್ತದೆ. ಅಡಿಗೆಮನೆ ಹೊಗೆ ತಾಗದ ಒಣ ಗೋಡೆಯ ಉಕ್ಕಿನ ಕಪಾಟು ಒಳ್ಳೆಯದು, ಒಳಗೆ ಸಿಲಿಕಾ ಜೆಲ್. ಹದಿನೈದು ದಿನಕ್ಕೊಮ್ಮೆ ತೆಗೆದು ಒರೆಸಿ. ಕ್ರಮ: ಕಂಚಿನ ಬ್ರಷ್ ಕೋಣೆಯ ಕಡೆಯಿಂದ ಬಾಯಿಯ ಕಡೆಗೆ, ಫ್ಲಾನೆಲ್ ಬಟ್ಟೆ ಬಿಳಿಯಾಗಿ ಹೊರಬರುವ ತನಕ, ಕೊನೆಗೆ ತೆಳು ಎಣ್ಣೆ ಸವರಿದ ಬಟ್ಟೆ ಒಮ್ಮೆ. ಎಣ್ಣೆ ಹೆಚ್ಚಾದರೆ ಇಳಿದು ಮರಕ್ಕೆ ಸೇರಿ ಹಿಡಿ ಮೆತ್ತಗಾಗುತ್ತದೆ. ನಳಿಗೆ ಬಾಯಿ ಕೆಳಗೆ ಮಾಡಿ ಇಟ್ಟರೆ ಈ ತೊಂದರೆ ಇಲ್ಲ. ತೆಂಗಿನೆಣ್ಣೆ ಬೇಡ, ಚಳಿಗೆ ಗಟ್ಟಿಯಾಗಿ ಅಂಟಾಗುತ್ತದೆ.

ಹೊಡೆಯುವ ಮೊದಲು ಪ್ರತಿ ಸಲವೂ ನಳಿಗೆಯೊಳಗೆ ನೋಡಬೇಕು. ಮಣ್ಣಿನ ಗೂಡು ಕಟ್ಟುವ ಕಡಜ ಒಂದೆರಡು ದಿನದಲ್ಲಿ ಬಾಯಿ ಮುಚ್ಚಿಬಿಡುತ್ತದೆ. ಅದರ ಮೇಲೆ ಈಡು ಹೊಡೆದರೆ ನಳಿಗೆ ಸೀಳುತ್ತದೆ. ಇನ್ನೂ ಕೆಟ್ಟದ್ದು 20 ಬೋರ್ ತೋಟೆ ಅಪ್ಪಿತಪ್ಪಿ 12 ಬೋರಿಗೆ ಹಾಕುವುದು. ಅದು ಒಳಗೆ ಜಾರಿ ಮುಂದೆ ಸಿಕ್ಕಿಕೊಳ್ಳುತ್ತದೆ, ಕೋಣೆ ಖಾಲಿ ಕಾಣುತ್ತದೆ, ಹಿಂದೆ 12ರದ್ದು ಹಾಕಿ ಹೊಡೆದರೆ ಎಡಗೈ ಉಳಿಯುವುದಿಲ್ಲ. ಒಂದೇ ಮನೆಯಲ್ಲಿ ಎರಡು ಬೋರಿನ ತೋಟೆ ಇಡಬೇಡಿ. 20ರದ್ದು ಹಳದಿ ಬಣ್ಣ ಇರುವುದು ಇದೇ ಕಾರಣಕ್ಕೆ.

ಟ್ರಿಗರ್ ಒತ್ತಿಯೂ ಹಾರದಿದ್ದರೆ ತಕ್ಷಣ ತೆರೆಯಬೇಡಿ. ಬಾಯಿ ಸುರಕ್ಷಿತ ದಿಕ್ಕಿಗೆ ಇಟ್ಟು ಒಂದು ನಿಮಿಷ ಕಾಯಿರಿ, ಮದ್ದು ತಡವಾಗಿ ಹತ್ತಬಹುದು. ಸದ್ದು ಪುಸ್ ಎಂದು ಬಂದರೆ ಮದ್ದು ತೇವ ಆಗಿದೆ, ಒಳಗಿನ ಬೆಣೆ (ಮದ್ದಿಗೂ ಚರೆಗೂ ನಡುವಿನ ಬಿರಡೆ) ನಳಿಗೆಯಲ್ಲೇ ಉಳಿದಿರಬಹುದು. ತೆಗೆಯದೆ ಮುಂದಿನ ಈಡು ಹೊಡೆಯಬಾರದು. ಕಾಗದದ ತೋಟೆ ಮಳೆಗೆ ಊದಿಕೊಳ್ಳುತ್ತದೆ, ಪ್ಲಾಸ್ಟಿಕ್ಕಿನದೇ ತೆಗೆದುಕೊಳ್ಳಿ. ಹಿತ್ತಾಳೆ ಬುಡ ಹಸಿರಾದವನ್ನು ಅಂಗಡಿಗೇ ಹಿಂದಿರುಗಿಸಿ.

ಚುನಾವಣೆಗೆ ಠಾಣೆಯಲ್ಲಿ ಠೇವಣಿ ಇಡಲು ಹೇಳಿದರೆ ಹಿಂದಿನ ದಿನ ಎಣ್ಣೆ ಹಾಕಿ, ನಂಬರ್ ಬರೆದ ರಸೀದಿ ಪಡೆದುಕೊಳ್ಳಿ. ಮರಳಿ ತಂದ ದಿನವೇ ಮತ್ತೆ ಒರೆಸಿ.

ಸಾಗುಜಾಗ_ಸಿದ್ದಾಪುರ:

ಮಕ್ಕಳಿರುವ ಮನೆಯಲ್ಲಿ ಕಪಾಟು ಎಲ್ಲಿ, ಹೇಗೆ?

ಹನ್ನೆರಡು_ಬೋರ್:

ನಿಮ್ಮ ಮಲಗುವ ಕೋಣೆಯಲ್ಲಿ, ಗೋಡೆಗೆ ಬೋಲ್ಟ್ ಹಾಕಿ ಬಿಗಿದ ಉಕ್ಕಿನ ಕಪಾಟು. ಅದರೊಳಗೆ ನಳಿಗೆ ಮತ್ತು ಹಿಡಿ ಬಿಚ್ಚಿದ ಸ್ಥಿತಿಯಲ್ಲಿ. ಮುಂಗೈ ಮರ ಬೇರೆ ಕೋಣೆಯ ಬೀಗದ ಪೆಟ್ಟಿಗೆಯಲ್ಲಿ, ಅದಿಲ್ಲದೆ ಕೋವಿ ಭದ್ರವಾಗಿ ಕೂರುವುದಿಲ್ಲ. ತೋಟೆ ಮೂರನೆಯ ಕಡೆ, ಅದಕ್ಕೂ ಬೇರೆ ಬೀಗ. ಬೀಗದ ಕೈ ದೇವರ ಮನೆಯ ಗೂಡಿನಲ್ಲಿ, ಬಾಗಿಲ ಮೇಲೆ ಇಟ್ಟರೆ 14 ವರ್ಷದವರಿಗೆ ಒಂದು ವಾರದಲ್ಲಿ ಗೊತ್ತಾಗುತ್ತದೆ. ಅದು ನಿಮ್ಮ ಉಡಿದಾರದಲ್ಲೋ ಕುತ್ತಿಗೆಯ ಸರದಲ್ಲೋ ಇರಲಿ, ಇನ್ನೊಂದು ಕೈ ಬ್ಯಾಂಕ್ ಲಾಕರಿನಲ್ಲಿ. ದೊಡ್ಡ ಮಗುವಿಗೆ ನಿಮ್ಮ ಎದುರೇ ಖಾಲಿ ಕೋವಿ ತೆರೆದು ತೋರಿಸಿ, ಖಾಲಿ ಎಂದು ಹೇಳಿದ ಕೋವಿಯನ್ನೂ ತೆರೆದು ನೋಡಬೇಕು, ಬಾಯಿ ಯಾರ ಕಡೆಗೂ ತಿರುಗಬಾರದು ಎಂದು ಹೇಳಿ. ಚಿಕ್ಕವರಿಗೆ ಒಂದೇ ಮಾತು ಸಾಕು: ಕೋವಿಯೋ ತೋಟೆಯೋ ಎಲ್ಲಾದರೂ ಕಂಡರೆ ಮುಟ್ಟದೆ ಬಂದು ಹೇಳಬೇಕು.